ನಿವೃತ್ತರ ಆಸ್ಪತ್ರೆ ಖರ್ಚನ್ನು ಕಂಪನಿ ಈಗಲೇ ಯಾಕೆ ಬರೆಯಬೇಕು?

ನೀವು ಸರ್ಕಾರಿ ಕಂಪನಿಯೊಂದರ ಷೇರು ಇಟ್ಟುಕೊಂಡಿದ್ದೀರಿ. ನಿವೃತ್ತ ನೌಕರರ ವೈದ್ಯಕೀಯ ಸೌಲಭ್ಯಕ್ಕೆ ಅದು ದೊಡ್ಡ ಮೊತ್ತವನ್ನು ಹೊಣೆಯಾಗಿ ತೋರಿಸಿದೆ. ಬಿಲ್ ಬಂದ ವರ್ಷ ಖರ್ಚು ಬರೆದರೆ ಸಾಲದಾ ಅಂತ ನಿಮ್ಮ ಪ್ರಶ್ನೆ.

ಸಾಲದು. ಅಕೌಂಟ್ಸ್ ವಿಭಾಗದಲ್ಲಿ ಇದೇ ಲೆಕ್ಕ ನೋಡಿಕೊಳ್ಳುತ್ತೇನೆ, ಹಾಗಾಗಿ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ನೌಕರರು ಈ ವರ್ಷ ದುಡಿದಿದ್ದಾರೆ. ಆ ದುಡಿಮೆಯ ಆದಾಯ ಈ ವರ್ಷದ ಪುಸ್ತಕಕ್ಕೆ ಬಂದಾಗಿದೆ. ಅದಕ್ಕೆ ಬದಲಾಗಿ ಕೊಡುತ್ತೇವೆ ಅಂದಿದ್ದೆಲ್ಲ ಈ ವರ್ಷದ ಖರ್ಚೇ ಅಲ್ವಾ? ಸಂಬಳ ಈಗ ಕೊಡುತ್ತಾರೆ, ಚಿಕಿತ್ಸೆಯ ಹಣ ಆಮೇಲೆ ಕೊಡುತ್ತಾರೆ.

ಅಮೆರಿಕದಲ್ಲಿ ಕಂಪನಿಗಳು ಬಹಳ ಕಾಲ ನೀವು ಹೇಳಿದ ಹಾಗೆಯೇ ಮಾಡುತ್ತಿದ್ದವು. 1990ರ ಕೊನೆಗೆ ಅಲ್ಲಿನ ಲೆಕ್ಕಪತ್ರ ಮಂಡಳಿ ಎಫ್‌ಎಎಸ್ 106 ಎಂಬ ನಿಯಮ ತಂದಿತು. ನಿವೃತ್ತರ ವೈದ್ಯಕೀಯ ವೆಚ್ಚವನ್ನು ಅವರು ಕೆಲಸದಲ್ಲಿರುವಾಗಲೇ ಬರೆಯಬೇಕು ಅಂತ. ಜನರಲ್ ಮೋಟಾರ್ಸ್ ಹಳೆಯ ಬಾಕಿಯನ್ನೆಲ್ಲ ಒಂದೇ ಸಲ ಬರೆದಾಗ 1992ರ ನಷ್ಟ ಸುಮಾರು 23.5 ಶತಕೋಟಿ ಡಾಲರ್ ಮುಟ್ಟಿತು. ಅದರಲ್ಲಿ 20 ಶತಕೋಟಿಗೂ ಜಾಸ್ತಿ ಈ ಒಂದು ಬದಲಾವಣೆಯದೇ. ಆ ವರ್ಷ ಅಷ್ಟು ನಗದು ಹೊರಗೆ ಹೋಗಲಿಲ್ಲ. ಸಾಲ ಮೊದಲಿಂದಲೂ ಇತ್ತು, ಪುಸ್ತಕದಲ್ಲಿ ಕಾಣುತ್ತಿರಲಿಲ್ಲ.

ನಮ್ಮಲ್ಲಿ ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 19 ಎಂಬ ಲೆಕ್ಕಪತ್ರ ನಿಯಮ ಅನ್ವಯಿಸುತ್ತದೆ. ನೌಕರರ ವಯಸ್ಸು, ಎಷ್ಟು ವರ್ಷ ಬದುಕಬಹುದು, ಚಿಕಿತ್ಸೆಯ ದರ ಎಷ್ಟು ಏರಬಹುದು ಎಂದು ಆಕ್ಚುಯರಿ, ಅಂದರೆ ಇಂಥ ಮುಂದಿನ ಹೊಣೆಗಳ ಲೆಕ್ಕ ಹಾಕುವ ತಜ್ಞರು, ಅಂದಾಜು ಮಾಡುತ್ತಾರೆ. ಮುಂದೆ ಕೊಡಬೇಕಾದ ಹಣವನ್ನು ಇವತ್ತಿನ ಬೆಲೆಗೆ ಇಳಿಸುತ್ತಾರೆ. ಇಳಿಸುವ ದರ (ಡಿಸ್ಕೌಂಟ್ ದರ) ಸರ್ಕಾರಿ ಬಾಂಡ್‌ಗಳ ಇಳುವರಿಯಿಂದ ಬರುತ್ತದೆ. ಈ ದರದ ಮೇಲೆ ಕಣ್ಣಿಡಿ. 20 ವರ್ಷದ ನಂತರ ಕೊಡಬೇಕಾದ 1 ಲಕ್ಷ ರೂಪಾಯಿಯ ಇವತ್ತಿನ ಬೆಲೆ ಶೇ 7ರ ದರದಲ್ಲಿ ಸುಮಾರು 25,800. ದರ ಶೇ 6 ಆದರೆ ಸುಮಾರು 31,200. ಒಬ್ಬ ನೌಕರನೂ ಹೆಚ್ಚಾಗದೆ ಹೊಣೆ ಐದನೇ ಒಂದು ಭಾಗ ಬೆಳೆಯಿತು!

ಈ ವರ್ಷದ ದುಡಿಮೆಯಿಂದ ಸೇರಿದ ಹೊಣೆ (ಸೇವಾ ವೆಚ್ಚ) ಮತ್ತು ತೆಗೆದಿಟ್ಟ ಹಣ ಕಳೆದು ಉಳಿದ ಹೊಣೆಯ ಮೇಲಿನ ಬಡ್ಡಿ (ನಿವ್ವಳ ಬಡ್ಡಿ) ಲಾಭ-ನಷ್ಟ ಖಾತೆಗೆ ಹೋಗುತ್ತವೆ. ಅಂದಾಜು ತಪ್ಪಿದ್ದರಿಂದ ಬಂದ ಏರಿಳಿತ ಓಸಿಐ (ಇತರ ಸಮಗ್ರ ಆದಾಯ) ಎಂಬ ಬೇರೆ ಸಾಲಿಗೆ ಹೋಗುತ್ತದೆ, ಮತ್ತೆಂದೂ ಲಾಭ-ನಷ್ಟಕ್ಕೆ ಮರಳುವುದಿಲ್ಲ. ಹಾಗಾಗಿ ಬರೀ ನಿವ್ವಳ ಲಾಭ ನೋಡಿದವರಿಗೆ ಇದು ತಪ್ಪಿಹೋಗುತ್ತದೆ. ವರ್ಷ ವರ್ಷವೂ ಅಲ್ಲಿ ನಷ್ಟವೇ ಬರುತ್ತಿದ್ದರೆ ಅಂದಾಜುಗಳೇ ಸಡಿಲವಾಗಿವೆ ಅಂತ ನಾನು ಅನುಮಾನಿಸುತ್ತೇನೆ.

ಪಿಎಫ್‌ಗೆ ಈ ತಲೆನೋವು ಅಷ್ಟಿಲ್ಲ. ಸಾಮಾನ್ಯವಾಗಿ ಕಂಪನಿ ತನ್ನ ಪಾಲು ಕಟ್ಟಿದರೆ ಮುಗಿಯಿತು. ಗ್ರಾಚ್ಯುಟಿ ಮಾತ್ರ ಕೊನೆಯ ಸಂಬಳದ ಮೇಲೆ ನಿಂತಿದೆ, ಅದಕ್ಕೂ ಆಕ್ಚುಯರಿ ಬೇಕು.

ನಿಮ್ಮ ಕಂಪನಿಯ ವಾರ್ಷಿಕ ವರದಿಯಲ್ಲಿ ನೌಕರರ ಸೌಲಭ್ಯದ ನೋಟ್ (ಟಿಪ್ಪಣಿ) ತೆಗೆಯಿರಿ. ಹೊಣೆಯ ಎದುರಿಗೆ ಟ್ರಸ್ಟ್‌ನಲ್ಲಿ ಎಷ್ಟು ಹಣ ತೆಗೆದಿಟ್ಟಿದ್ದಾರೆ ನೋಡಿ. ಹಣ ಇಡದೆ ಸುಮ್ನೆ ಹೊಣೆ ಮಾತ್ರ ಬರೆದಿದ್ದರೆ ಮುಂದಿನ ಬಿಲ್‌ಗಳು ಕಂಪನಿಯ ನಗದಿನಿಂದಲೇ ಹೋಗಬೇಕು. ಆಮೇಲೆ ಡಿಸ್ಕೌಂಟ್ ದರ, ಚಿಕಿತ್ಸೆಯ ದರ ಬದಲಾದರೆ ಹೊಣೆ ಎಷ್ಟು ಏರುತ್ತದೆ ಎಂಬ ಪಟ್ಟಿಯೂ ಅಲ್ಲೇ ಇರುತ್ತದೆ. ಅದನ್ನು ಕಂಪನಿಯ ಒಂದು ವರ್ಷದ ಲಾಭದ ಪಕ್ಕ ಇಟ್ಟು ಹೋಲಿಸಿ.