ಕ್ರೂಸ್ ಕಂಪನಿ ಕೊಟ್ಟ ವಿಮಾನ ಹೊಂದದಿದ್ದರೆ

ಹಡಗು ಪ್ರವಾಸದ ಜೊತೆಗೆ ವಿಮಾನ ಟಿಕೆಟನ್ನೂ ಕ್ರೂಸ್ ಕಂಪನಿಯ ಮೂಲಕವೇ ತೆಗೆದುಕೊಂಡವರ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ನಮ್ಮಿಬ್ಬರಿಗೆ ಬಾರ್ಸಿಲೋನಾದಿಂದ ಹೊರಡುವ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದಾನೆ. ವಿಮಾನವೂ ಅದರಲ್ಲೇ ಸೇರಿದೆ. ಈಗ ಬಂದ ವೇಳಾಪಟ್ಟಿ ನೋಡಿದರೆ ಬೆಂಗಳೂರಿನಿಂದ ಹೊರಟು ಎರಡು ಕಡೆ ವಿಮಾನ ಬದಲಿಸಬೇಕು, ಒಂದು ಕಡೆ ಹನ್ನೊಂದು ಗಂಟೆ ಕಾಯಬೇಕು. ಹಡಗು ಹೊರಡುವ ದಿನವೇ ಮಧ್ಯಾಹ್ನ 1ಕ್ಕೆ ಬಾರ್ಸಿಲೋನಾ ತಲುಪುತ್ತೇವೆ, ಹಡಗು ಸಂಜೆ 5ಕ್ಕೆ. ನನ್ನ ಯಜಮಾನರಿಗೆ ಮಂಡಿನೋವು. ಇದನ್ನು ಬದಲಿಸಲು ಸಾಧ್ಯವೇ?
– ಓದುಗರು, ಸಾಗರ

ಉತ್ತರ: ಸಾಧ್ಯ. ಎಷ್ಟು ಸುಲಭ ಎಂಬುದು ಟಿಕೆಟ್ ಆಗಿದೆಯೋ, ಬರೀ ಸೀಟು ಹಿಡಿದಿಟ್ಟಿದ್ದಾರೋ ಎಂಬುದರ ಮೇಲೆ ನಿಂತಿದೆ. ಮೊದಲು ಅದನ್ನು ತಿಳಿದುಕೊಳ್ಳಿ. ಕ್ರೂಸ್‌ನವರ ಕಾಗದದಲ್ಲಿ ಅವರದ್ದೇ ಬುಕಿಂಗ್ ನಂಬರ್ ಇರುತ್ತದೆ. ಅದು ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲಿ ನಡೆಯುವುದಿಲ್ಲ. ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ಬೇರೆ ಇರುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಿ. ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಪಿಎನ್‌ಆರ್ ಮತ್ತು ಪಾಸ್‌ಪೋರ್ಟ್‌ನಲ್ಲಿರುವ ಸರ್‌ನೇಮ್ ಹಾಕಿ. 13 ಅಂಕಿಯ ಟಿಕೆಟ್ ಸಂಖ್ಯೆ ಕಂಡರೆ ಟಿಕೆಟ್ ಆಗಿದೆ ಎಂದರ್ಥ. ಅದರ ಮೊದಲ ಮೂರು ಅಂಕಿ ವಿಮಾನ ಕಂಪನಿಯ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಕತಾರ್ 157. ಈ ಸಂಖ್ಯೆ ಇಲ್ಲದಿದ್ದರೆ ನಿಮ್ಮ ಕೆಲಸ ಅರ್ಧ ಹಗುರ. ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ಪೂರ್ತಿ ಹಣ ಕಟ್ಟಿದ ಮೇಲೆ, ಹಡಗು ಹೊರಡುವುದಕ್ಕೆ ಒಂದೆರಡು ತಿಂಗಳಿರುವಾಗ ಟಿಕೆಟ್ ಮಾಡುತ್ತವೆ. ಅಲ್ಲಿಯವರೆಗೆ ಬದಲಾವಣೆ ಅವರ ವಿಮಾನ ವಿಭಾಗದ ಕೈಯಲ್ಲೇ ಇರುತ್ತದೆ. ಟಿಕೆಟ್ ಆದ ಮೇಲೆ ವಿಮಾನ ಕಂಪನಿಯ ನಿಯಮ, ದಂಡ ಎಲ್ಲವೂ ಅಡ್ಡ ಬರುತ್ತವೆ.

ಇಂಥ ವಿಚಿತ್ರ ದಾರಿ ಯಾಕೆ ಕೊಡುತ್ತಾರೆ? ವಿಮಾನ ಕಂಪನಿಗಳೊಂದಿಗೆ ಅವರು ಮಾಡಿಕೊಂಡ ಒಪ್ಪಂದದ ದರ ಎಲ್ಲ ವಿಮಾನಗಳಲ್ಲೂ ಸಿಗುವುದಿಲ್ಲ, ಕೆಲವು ದರ್ಜೆಯ ಕೆಲವೇ ಸೀಟುಗಳಿಗೆ ಮಾತ್ರ. ಅದರಲ್ಲಿ ಅಗ್ಗದ್ದು ಯಾವುದೋ ಅದನ್ನು ಕಂಪ್ಯೂಟರ್ ಎತ್ತಿ ಕೊಡುತ್ತದೆ. ಹನ್ನೊಂದು ಗಂಟೆ ಕಾಯುವ ಮಂಡಿನೋವಿನವರು ಅದರ ಲೆಕ್ಕದಲ್ಲಿಲ್ಲ.

ನಿಮ್ಮ ಇಷ್ಟದ ವಿಮಾನಕ್ಕೆ ಬದಲಿಸುವುದನ್ನು ಅವರು ‘ಏರ್ ಡೀವಿಯೇಶನ್’ ಎನ್ನುತ್ತಾರೆ. ಬಹಳ ಕಡೆ ಇದಕ್ಕೆ ತಲೆಗಿಷ್ಟು ಎಂದು ಶುಲ್ಕ, ಜೊತೆಗೆ ದರದಲ್ಲಿ ವ್ಯತ್ಯಾಸವಿದ್ದರೆ ಅದೂ ಸೇರುತ್ತದೆ. ಬುಕಿಂಗ್ ಯಾರ ಹೆಸರಿನಿಂದ ಆಗಿದೆಯೋ ಅವರೇ ಕೇಳಬೇಕು. ಏಜೆಂಟ್ ಮೂಲಕ ಆಗಿದ್ದರೆ ಕಂಪನಿ ನಿಮ್ಮ ಫೋನಿಗೆ ಉತ್ತರಿಸದೆ ಏಜೆಂಟನ್ನೇ ಕೇಳಿ ಅನ್ನುತ್ತದೆ. ಹಾಗಾಗಿ ಮಗನಿಂದಲೇ ಬರೆಸಿ.

‘ಈ ವಿಮಾನ ಅನುಕೂಲವಿಲ್ಲ, ಬೇರೆ ಕೊಡಿ’ ಎಂದಷ್ಟೇ ಬರೆದರೆ ಇನ್ನೊಂದು ಅಷ್ಟೇ ಕೆಟ್ಟ ದಾರಿ ಬರುತ್ತದೆ. ಗೂಗಲ್ ಫ್ಲೈಟ್ಸ್‌ನಲ್ಲಿ ನೀವೇ ನೋಡಿ, ಎರಡು-ಮೂರು ಆಯ್ಕೆಗಳನ್ನು ವಿಮಾನ ಸಂಖ್ಯೆ, ದಿನಾಂಕ, ಹೊರಡುವ-ತಲುಪುವ ಹೊತ್ತಿನ ಸಮೇತ ಕೊಡಿ. ಬೆಂಗಳೂರಿನಿಂದ ದೋಹಾ ಅಥವಾ ದುಬೈಯಲ್ಲಿ ಒಮ್ಮೆ ಮಾತ್ರ ವಿಮಾನ ಬದಲಿಸಿ ಬಾರ್ಸಿಲೋನಾ ತಲುಪುವ ದಾರಿಗಳಿವೆ. ಈಗ ಕೊಟ್ಟಿರುವ ವಿಮಾನ ಕಂಪನಿಯದ್ದೇ ಬೇರೆ ಹೊತ್ತಿನ ವಿಮಾನ ಇದ್ದರೆ ಅದನ್ನು ಮೊದಲ ಆಯ್ಕೆಯಾಗಿ ಬರೆಯಿರಿ, ಒಪ್ಪಂದದ ದರ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅದೇ ಇಮೇಲ್‌ನಲ್ಲಿ ಮೂರು ವಿಷಯ ಕೇಳಿ: ತಲೆಗೆ ಒಟ್ಟು ಎಷ್ಟು ಹೆಚ್ಚುವರಿ, ಯಾವ ತಾರೀಖಿನವರೆಗೆ ಬದಲಿಸಬಹುದು, ವಿಮಾನ ನಿಲ್ದಾಣದಿಂದ ಹಡಗಿಗೆ ಅವರ ಬಸ್ ಉಳಿಯುತ್ತದೆಯೇ. ಉತ್ತರ ಫೋನಿನಲ್ಲಿ ಬಂದರೂ ಬರಹದಲ್ಲಿ ಪಡೆಯಿರಿ.

ಹನ್ನೊಂದು ಗಂಟೆ ಕಾಯುವುದಕ್ಕಿಂತ ದೊಡ್ಡ ಅಪಾಯ ಹಡಗಿನ ದಿನವೇ ಇಳಿಯುವುದು. 5ಕ್ಕೆ ಹೊರಡುವ ಹಡಗಿನ ಬಾಗಿಲು 60ರಿಂದ 90 ನಿಮಿಷ ಮೊದಲೇ ಮುಚ್ಚುತ್ತದೆ, ಅಂದರೆ 3.30ಕ್ಕೆ ನೀವು ಬಂದರಿನಲ್ಲಿರಬೇಕು. 1ಕ್ಕೆ ಇಳಿದು ಸಾಮಾನು ತೆಗೆದುಕೊಂಡು ಹೊರಬರುವಾಗ 2 ದಾಟುತ್ತದೆ. ಹಿಂದಿನ ವಿಮಾನ ಎರಡು ಗಂಟೆ ತಡವಾದರೆ ಮುಗಿಯಿತು. ಒಂದು ದಿನ ಮೊದಲೇ ಇಳಿಯುವಂತೆ ಕೇಳಿ. ಹೋಟೆಲ್ ನಿಮ್ಮ ಖರ್ಚು, ಉಚಿತ ಬಸ್ಸೂ ಬಹುಶಃ ಹೋಗುತ್ತದೆ. ಬಾರ್ಸಿಲೋನಾದಲ್ಲಿ ಏರ್‌ಪೋರ್ಟ್‌ನಿಂದ ಬಂದರಿಗೆ ಸುಮಾರು 15 ಕಿ.ಮೀ. ಮಾತ್ರ, ಟ್ಯಾಕ್ಸಿ ಸಾಕು.

ಇನ್ನೊಂದು ಬಾಗಿಲು ತಾನಾಗಿ ತೆರೆಯುವುದುಂಟು. ವಿಮಾನ ಕಂಪನಿಯೇ ಹೊತ್ತು ಬದಲಿಸಿದರೆ ಬೇರೆ ವಿಮಾನಕ್ಕೆ ಶುಲ್ಕವಿಲ್ಲದೆ ಹೋಗಲು ಸಾಮಾನ್ಯವಾಗಿ ಅವಕಾಶ ಸಿಗುತ್ತದೆ. ಆಗ ಬರುವ ಇಮೇಲ್‌ನಲ್ಲಿ ‘ಅಕ್ಸೆಪ್ಟ್’ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹೊಸ ಹೊತ್ತಿಗೆ ಒಪ್ಪಿಗೆ ಕೊಟ್ಟಂತೆ. ಒತ್ತದೆ ಮೊದಲು ಕ್ರೂಸ್‌ನವರಿಗೆ ಬರೆಯಿರಿ.

ಯಾವುದೂ ಆಗದಿದ್ದರೆ ವಿಮಾನವನ್ನು ಪ್ಯಾಕೇಜ್‌ನಿಂದ ತೆಗೆದರೆ ಎಷ್ಟು ಹಣ ವಾಪಸ್ ಕೊಡುತ್ತೀರಿ ಎಂದು ಕೇಳಿ. ‘ಉಚಿತ ವಿಮಾನ’ ಎಂಬ ಪ್ಯಾಕೇಜ್‌ಗಳಲ್ಲಿ ಈ ಮೊತ್ತ ಮಾರುಕಟ್ಟೆ ದರಕ್ಕಿಂತ ಬಹಳ ಕಡಿಮೆ ಇರುತ್ತದೆ. ಲೆಕ್ಕ ಹಾಕದೆ ಸಿಟ್ಟಿನಲ್ಲಿ ತೆಗೆಸಬೇಡಿ.

ಗಾಲಿಕುರ್ಚಿಯ ಕೋರಿಕೆಯನ್ನು ಹಡಗಿಗೆ ಹೇಳಿದರೆ ಅದು ಹಡಗಿಗೆ ಮಾತ್ರ. ವಿಮಾನಕ್ಕೆ ಪಿಎನ್‌ಆರ್ ಹಿಡಿದು ವಿಮಾನ ಕಂಪನಿಗೇ ಬೇರೆ ಹೇಳಿ, 48 ಗಂಟೆಗೆ ಮೊದಲೇ. ವಿಮಾನ ಬದಲಾದರೆ ಮತ್ತೊಮ್ಮೆ ಹೇಳಬೇಕು.

ಪ್ರಶ್ನೆ: ಅಥೆನ್ಸ್‌ನಿಂದ ಗ್ರೀಕ್ ದ್ವೀಪಗಳ ಕ್ರೂಸ್. ಬರುವಾಗ ಲಂಡನ್ ಹೀಥ್ರೂ ಮೂಲಕ ಬೆಂಗಳೂರಿಗೆ ಹಾಕಿದ್ದಾರೆ. ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಶೆಂಗೆನ್ ವೀಸಾ ಸಾಕಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಸಾಲದು. ಭಾರತೀಯ ಪಾಸ್‌ಪೋರ್ಟ್ ಇದ್ದವರು ಹೀಥ್ರೂನಲ್ಲಿ ಹೊರಗೆ ಬರದೆ ವಿಮಾನ ಬದಲಿಸಿದರೂ ಬ್ರಿಟನ್‌ನ ಟ್ರಾನ್ಸಿಟ್ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕ ಅಥವಾ ಕೆನಡಾ ವೀಸಾ ಇದ್ದವರಿಗೆ ವಿನಾಯಿತಿ ಉಂಟು, ಪ್ರವಾಸಿ ಶೆಂಗೆನ್ ವೀಸಾಗೆ ಇಲ್ಲ. ಕ್ರೂಸ್ ಕಂಪನಿಯ ಕಂಪ್ಯೂಟರ್ ನಿಮ್ಮ ಪಾಸ್‌ಪೋರ್ಟ್ ನೋಡಿ ದಾರಿ ಹುಡುಕುವುದಿಲ್ಲ, ಕರಾರಿನಲ್ಲಿ ‘ದಾಖಲೆ ಪ್ರಯಾಣಿಕರ ಹೊಣೆ’ ಎಂದು ಬರೆದಿರುತ್ತದೆ. ವೀಸಾ ಇಲ್ಲದಿದ್ದರೆ ಅಥೆನ್ಸ್ ಕೌಂಟರ್‌ನಲ್ಲೇ ತಡೆಯುತ್ತಾರೆ. ಬದಲಾವಣೆ ಕೇಳುವಾಗ ಇದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ‘ಕಾಯುವ ಹೊತ್ತು ಹೆಚ್ಚು’ ಎಂಬ ದೂರಿಗಿಂತ ‘ಈ ದಾರಿಗೆ ನಮ್ಮಲ್ಲಿ ವೀಸಾ ಇಲ್ಲ’ ಎಂಬುದಕ್ಕೆ ತೂಕ ಜಾಸ್ತಿ. ಹಾಗೆಯೇ ಹಡಗು ಟರ್ಕಿಯ ಕುಶಾದಾಸಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುತ್ತದೆಯೇ ನೋಡಿ. ಬರುವುದಾದರೆ ಶೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದೇ, ಇರಬೇಕು.

ಪ್ರಶ್ನೆ: ಜುಲೈನಲ್ಲಿ ಬೆಂಗಳೂರಿನಿಂದ ಬೆಳಗಿನ ಜಾವ 4ಕ್ಕೆ ವಿಮಾನ ಕೊಟ್ಟಿದ್ದಾರೆ. ಶಿವಮೊಗ್ಗದಿಂದ ವಿಮಾನದಲ್ಲೇ ಬೆಂಗಳೂರಿಗೆ ಹೋಗಿ ಸೇರಿಕೊಳ್ಳುವ ಯೋಚನೆ. ಸರಿಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಮಳೆಗಾಲದಲ್ಲಿ ಬೇಡ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಮೋಡ, ಮಳೆ, ಮಂಜಿಗೆ ಗೋಚರತೆ ಕಡಿಮೆಯಾದರೆ ವಿಮಾನ ಇಳಿಯದೆ ವಾಪಸ್ ಹೋಗುವುದುಂಟು. ನೀವು ಬೇರೆಯಾಗಿ ತೆಗೆದ ಟಿಕೆಟ್ ಅದು. ಅದು ರದ್ದಾಗಿ ಬೆಂಗಳೂರಿನ ವಿಮಾನ ತಪ್ಪಿದರೆ ಅಂತರರಾಷ್ಟ್ರೀಯ ವಿಮಾನ ಕಂಪನಿಗೆ ನೀವು ‘ಬಾರದ ಪ್ರಯಾಣಿಕರು’ ಅಷ್ಟೇ, ಮುಂದಿನ ಎಲ್ಲ ಟಿಕೆಟ್‌ಗಳೂ, ವಾಪಸ್ ಬರುವುದೂ ಸೇರಿ, ರದ್ದಾಗಬಹುದು. ಸಾಮಾನಿನ ಲೆಕ್ಕವೂ ಬೇರೆ: ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆ.ಜಿ., ಹೊರದೇಶದ ಟಿಕೆಟ್‌ನಲ್ಲಿ ಅದಕ್ಕಿಂತ ಹೆಚ್ಚು. ಹೆಚ್ಚಿನ ಭಾರಕ್ಕೆ ಶಿವಮೊಗ್ಗದಲ್ಲೇ ದುಡ್ಡು ಕಟ್ಟಬೇಕಾದೀತು. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರ್ 12ರಿಂದ ಎರಡನೇ ಟರ್ಮಿನಲ್‌ಗೆ ಹೋಗಿವೆ. ನೀವು ಇಳಿಯುವುದು ಒಂದನೇ ಟರ್ಮಿನಲ್ ಆದರೆ ಸಾಮಾನು ತೆಗೆದುಕೊಂಡು ಅಲ್ಲಿಂದ ಬಸ್ ಹಿಡಿಯಬೇಕು.

4ರ ವಿಮಾನಕ್ಕೆ ಕಾರೇ ಸೂಕ್ತ. ಶಿವಮೊಗ್ಗದಿಂದ ದೇವನಹಳ್ಳಿಗೆ 300 ಕಿ.ಮೀ. ಆಸುಪಾಸು. ತರೀಕೆರೆ, ಅರಸೀಕೆರೆ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರು ನಗರವೇ ಸಿಗುವುದಿಲ್ಲ. ರಾತ್ರಿ 1ಕ್ಕೆ ಟರ್ಮಿನಲ್‌ನಲ್ಲಿರಬೇಕಾದರೆ ತೀರ್ಥಹಳ್ಳಿಯಿಂದ ಮಧ್ಯಾಹ್ನ 3ಕ್ಕೇ ಹೊರಡಿ. ಮಳೆಯಲ್ಲಿ ಮರ ಬಿದ್ದು ರಸ್ತೆ ನಿಂತರೂ ಹೊತ್ತು ಉಳಿಯುತ್ತದೆ. ರಾತ್ರಿ ವಿಮಾನವಾದರೆ ಬೆಳಗಿನ ಜನಶತಾಬ್ದಿಯಲ್ಲಿ ಯಶವಂತಪುರಕ್ಕೆ ಬಂದಿಳಿದು ಮಧ್ಯಾಹ್ನ ಎಲ್ಲಾದರೂ ಬೆನ್ನು ಚಾಚಬಹುದು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ. 100 ಮಿ.ಲೀ. ಮೀರಿದ ಡಬ್ಬಿ ಬೆಂಗಳೂರಿನಲ್ಲಿ ಹೇಗೋ ದಾಟಿದರೂ ವಿಮಾನ ಬದಲಿಸುವಲ್ಲಿ ಮತ್ತೆ ತಪಾಸಣೆ ಇರುತ್ತದೆ.

ಪ್ರಶ್ನೆ: ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸ್. ‘ನಮ್ಮ ಮೂಲಕ ವಿಮಾನ ತೆಗೆದುಕೊಂಡರೆ ತಡವಾದರೂ ಹಡಗು ಸೇರಿಸುತ್ತೇವೆ’ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಭದ್ರಾವತಿ

ಉತ್ತರ: ಅವರು ಹೇಳುವುದು ಮುಂದಿನ ಬಂದರಿಗೆ ಕಳಿಸುತ್ತೇವೆ ಎಂದು, ಹಡಗು ಕಾಯುತ್ತದೆ ಎಂದಲ್ಲ. ಅದೂ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಅಲಾಸ್ಕಾ ಪ್ರವಾಸದಲ್ಲಿ ಕಷ್ಟ. ಅಮೆರಿಕದ 1886ರ ಪ್ರಯಾಣಿಕ ಹಡಗು ಕಾಯ್ದೆ ಪ್ರಕಾರ ವಿದೇಶಿ ಧ್ವಜದ ಹಡಗು, ನಡುವೆ ದೂರದ ವಿದೇಶಿ ಬಂದರು ಮುಟ್ಟದೆ, ಒಂದು ಅಮೆರಿಕನ್ ಬಂದರಿನಲ್ಲಿ ಹತ್ತಿದವರನ್ನು ಇನ್ನೊಂದು ಅಮೆರಿಕನ್ ಬಂದರಿನಲ್ಲಿ ಇಳಿಸುವಂತಿಲ್ಲ. ಹತ್ತಿದಲ್ಲೇ ಇಳಿದರೆ ಸರಿ. ಅಲಾಸ್ಕಾದ ಬಂದರುಗಳಾದ ಕೆಚಿಕಾನ್ ಅಥವಾ ಜೂನೋದಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿದರೆ ನಿಯಮ ಮುರಿದಂತೆ. ದಾರಿಯಲ್ಲಿ ಸಿಗುವ ಕೆನಡಾದ ವಿಕ್ಟೋರಿಯಾ ‘ದೂರದ’ ಬಂದರಾಗುವುದಿಲ್ಲ. ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ಬರುವ ಹಡಗಿಗೆ ಈ ತೊಡಕಿಲ್ಲ. ವಿಕ್ಟೋರಿಯಾ ಇದ್ದರೂ ವ್ಯಾಂಕೂವರ್ ಇದ್ದರೂ ಕೆನಡಾ ವೀಸಾ ಬೇಕೇ ಬೇಕು.

ಹಾಗಾಗಿ ಒಂದು ದಿನ ಮೊದಲು ಸಿಯಾಟಲ್ ತಲುಪುವ ವಿಮಾನ ಕೇಳಿ. ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನು ತೆಗೆದು, ಮತ್ತೆ ಕೊಟ್ಟು ಮುಂದೆ ಹೋಗಬೇಕು. ಅಲ್ಲಿ ಒಂದೂವರೆ ಗಂಟೆ ಕೊಟ್ಟಿದ್ದರೆ ಒಪ್ಪಬೇಡಿ, ಮೂರು ಗಂಟೆಯಾದರೂ ಬೇಕು. ದುಬೈನಿಂದ ನೇರ ಸಿಯಾಟಲ್‌ಗೆ ವಿಮಾನವಿದೆ. ಅದರಲ್ಲಿ ಈ ಕೆಲಸವೆಲ್ಲ ಸಿಯಾಟಲ್‌ನಲ್ಲೇ ಆಗುತ್ತದೆ.

ಪ್ರಶ್ನೆ: ರೋಮ್‌ನಲ್ಲಿ ಹಡಗು ಬೆಳಿಗ್ಗೆ 6ಕ್ಕೆ ಬರುತ್ತದೆ. ವಾಪಸ್ ವಿಮಾನ 10.40ಕ್ಕೆ. ಸಾಕೇ?
– ಓದುಗರು, ಹೊಸನಗರ

ಉತ್ತರ: ಸಾಲದು. ಹಡಗು ನಿಲ್ಲುವುದು ರೋಮ್‌ನಲ್ಲಲ್ಲ, ಚಿವಿತವೆಕ್ಯಾದಲ್ಲಿ. ಅಲ್ಲಿಂದ ಫ್ಯುಮಿಚಿನೊ ವಿಮಾನ ನಿಲ್ದಾಣಕ್ಕೆ ಸುಮಾರು 70 ಕಿ.ಮೀ. 6ಕ್ಕೆ ಬಂದರೂ ತಪಾಸಣೆ ಮುಗಿದು ಜನ ಇಳಿಯಲು ಶುರುವಾಗುವಾಗ ಸಾಮಾನ್ಯವಾಗಿ 7 ಆಗುತ್ತದೆ. ಮಧ್ಯಾಹ್ನ 1ರ ನಂತರದ ವಿಮಾನ ಕೇಳಿ. ಬದಲಿಸಲು ಒಪ್ಪದಿದ್ದರೆ ಹಿಂದಿನ ರಾತ್ರಿ ಸೂಟ್‌ಕೇಸನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡದೆ, ನಿಮ್ಮ ಸಾಮಾನು ನೀವೇ ಹಿಡಿದು ಮೊದಲು ಇಳಿಯುವವರ ಪಟ್ಟಿಗೆ ಹಡಗಿನ ರಿಸೆಪ್ಷನ್‌ನಲ್ಲಿ ಹೆಸರು ಕೊಡಿ, ಟ್ಯಾಕ್ಸಿಯನ್ನು ಮುಂಚೆಯೇ ಹೇಳಿಡಿ.