ಸ್ಕೋಲಿಯೋಸಿಸ್ ಫಾಲೋಅಪ್: ಎದೆಗೆ ಬೀಳೋ ಡೋಸ್ ಇಳಿಸೋದು ಹೇಗೆ? (ಪ್ರತಿಕ್ರಿಯೆ)

ಸ್ಕೋಲಿಯೋಸಿಸ್ (ಬೆನ್ನೆಲುಬು ಪಕ್ಕಕ್ಕೆ ಬಾಗೋದು) ಇರೋ 13 ವರ್ಷದ ಹುಡುಗಿಯ ಫಾಲೋಅಪ್ ಎಕ್ಸ್‌ರೇಯಲ್ಲಿ ಎದೆಗೆ ಬೀಳೋ ವಿಕಿರಣದ ಡೋಸ್ ಹೇಗೆ ಇಳಿಸೋದು ಅಂತ ಕೇಳಿದ್ದೀರಿ. ಅಷ್ಟು ಡೋಸ್ ಬೀಳೋಕೆ ಬಹುಶಃ ನೀವು ಎಪಿ (ಬೀಮ್ ಎದೆ ಕಡೆಯಿಂದ ಬೆನ್ನಿಗೆ ಹೋಗೋ ಚಿತ್ರ) ತೆಗೀತಿರೋದೇ ಕಾರಣ. ಮೊದಲು ಪಿಎ ಮಾಡಿ: ಎದೆ ಡಿಟೆಕ್ಟರ್‌ಗೆ (ಚಿತ್ರ ಹಿಡಿಯೋ ಫಲಕ) ತಾಗೋ ಹಾಗೆ ನಿಲ್ಲಿಸಿ, ಬೀಮ್ ಬೆನ್ನಿಂದ ಹೋಗಲಿ. ಸ್ತನ, ಥೈರಾಯ್ಡ್‌ಗೆ ತಲುಪೋದು ದೇಹ ದಾಟಿ ಸೋತ ಕಿರಣ ಮಾತ್ರ. ಮೂಳೆ ಸ್ವಲ್ಪ ದೊಡ್ಡದಾಗಿ ಕಾಣುತ್ತೆ, ಆದ್ರೆ ಕಾಬ್ ಕೋನ (ಬೆನ್ನೆಲುಬು ಎಷ್ಟು ಬಾಗಿದೆ ಅನ್ನೋ ಅಳತೆ) ಅಳೆಯೋಕೆ ಅಡ್ಡಿಯಿಲ್ಲ.

ಆಮೇಲೆ ಕಾಲಿಮೇಟರ್‌ನ (ಬೀಮ್‌ನ ಅಗಲ ಕಿರಿದು ಮಾಡೋ ಸಾಧನ) ಎರಡೂ ಪಕ್ಕ ಒಳಗೆ ತನ್ನಿ. ರಿಸ್ಸರ್ ಗ್ರೇಡ್ (ಮೂಳೆ ಎಷ್ಟು ಬಲಿತಿದೆ ಅನ್ನೋ ಅಂದಾಜು) ಬೇಕಿದ್ರೆ ಸೊಂಟದ ಮೂಳೆಯ ಮೇಲಂಚು ಮಾತ್ರ ಕತ್ತರಿಸ್ಬೇಡಿ. ಕೆವಿ (ಕಿರಣದ ತೂರೋ ಶಕ್ತಿ) ಏರಿಸಿ, ಎಂಎಎಸ್ (ಕಿರಣದ ಪ್ರಮಾಣ) ಇಳಿಸಿ. ಡಿಆರ್‌ನಲ್ಲಿ (ಡಿಜಿಟಲ್ ಎಕ್ಸ್‌ರೇ) ಚಿತ್ರ ಚೆಂದ ಬಂತು ಅಂತ ನಂಬೋ ಹಾಗಿಲ್ಲ: ಡೋಸ್ ಜಾಸ್ತಿಯಾದ್ರೂ ಅದು ಫಿಲ್ಮ್ ಥರ ಕಪ್ಪಾಗಲ್ಲ. ಎಕ್ಸ್‌ಪೋಷರ್ ಇಂಡೆಕ್ಸ್ (ಡಿಟೆಕ್ಟರ್‌ಗೆ ಎಷ್ಟು ಕಿರಣ ತಲುಪಿತು ಅಂತ ತೋರಿಸೋ ಸಂಖ್ಯೆ) ನೋಡಿ. ಹುಡುಗಿ ತೆಳ್ಳಗಿದ್ರೆ ಗ್ರಿಡ್ (ಚದುರಿದ ಕಿರಣ ತಡೆಯೋ ಜಾಲರಿ) ಇಲ್ಲದೆ ನಡೀಬಹುದು, ರೇಡಿಯಾಲಜಿಸ್ಟ್ ಒಪ್ಪಿದ್ರೆ. ಲ್ಯಾಟರಲ್ (ಪಕ್ಕದಿಂದ ತೆಗೆಯೋ ಚಿತ್ರ) ಪ್ರತಿ ಸಲ ಬೇಕಾ ಅಂತ ಆರ್ಥೋ ಡಾಕ್ಟರನ್ನ ಕೇಳಿ.