ನಮ್ಮ ತೂಬಿನವರು ಕೂಡಿ ಇದ್ದೇವೆ, ಮೇಲಿನವರು ಯಾಕೆ ಕೇಳುವುದಿಲ್ಲ?

ಪ್ರಶ್ನೆ: ನಮ್ಮೂರು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ನಮ್ಮ ತೂಬಿನ ರೈತರು ಪಾಳಿ ಹಚ್ಚಿ ನೀರು ಹಂಚಿಕೊಳ್ಳುತ್ತಾರೆ. ಮೇಲ್ಭಾಗದವರು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಕಾಲೇಜಿನಲ್ಲಿ ‘ಪ್ರಿಸನರ್ಸ್ ಡೈಲೆಮಾ’ ಓದಿದೆ. ಅದರ ಪ್ರಕಾರ ಮೋಸ ಮಾಡುವವನೇ ಗೆಲ್ಲಬೇಕು, ಅಲ್ವಾ? ಮತ್ತೆ ನಮ್ಮಲ್ಲಿ ಸಹಕಾರ ಹೇಗೆ ಉಳಿದಿದೆ? ಇದನ್ನು ಕಂಪ್ಯೂಟರ್ ಪ್ರಾಜೆಕ್ಟ್ ಮಾಡಬಹುದಾ?
– ಬಿ.ಎಸ್ಸಿ. ವಿದ್ಯಾರ್ಥಿ, ರಾಯಚೂರು ಜಿಲ್ಲೆ

ಉತ್ತರ: ಪ್ರಿಸನರ್ಸ್ ಡೈಲೆಮಾ ಅಂದರೆ ಇಬ್ಬರ ಆಟ: ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಒಳ್ಳೆಯದು, ಆದರೆ ಎದುರಿನವನು ಏನೇ ಮಾಡಲಿ, ಮೋಸ ಮಾಡಿದವನಿಗೆ ಜಾಸ್ತಿ ಸಿಗುತ್ತದೆ. ನೀವು ಓದಿದ್ದು ಅದನ್ನು ಒಂದೇ ಸಲ ಆಡುವ ಬಗೆ. ಗುರುತಿಲ್ಲದ ಇಬ್ಬರು ಒಮ್ಮೆ ಆಡಿ ಎದ್ದು ಹೋದರೆ ಮೋಸವೇ ಲಾಭ, ನಿಜ. ಆದರೆ ಬದುವಿಗೆ ಬದು ಹೊಂದಿದ ಹೊಲದವರು ಎದ್ದು ಎಲ್ಲಿಗೆ ಹೋಗುತ್ತಾರೆ? ಮುಂದಿನ ಹಂಗಾಮಿಗೂ ಅದೇ ಮುಖ. 1980ರ ಸುಮಾರಿಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಸ್ಪರ್ಧೆ ಇಟ್ಟು ಈ ಆಟವನ್ನು ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಮತ್ತೆ ಮತ್ತೆ ಆಡಿಸಿದರು. ಗೆದ್ದದ್ದು ಅನಾಟೊಲ್ ರಾಪೊಪೋರ್ಟ್ ಕಳಿಸಿದ್ದ ‘ಟಿಟ್ ಫಾರ್ ಟ್ಯಾಟ್’. ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಅಷ್ಟೇ! ಎರಡನೇ ಸಲ 62 ಸ್ಪರ್ಧಿಗಳು ಬಂದರೂ ಅದೇ ಗೆದ್ದಿತು.

ಇನ್ನು ನೆಟ್‌ವರ್ಕ್, ಅಂದರೆ ಯಾರು ಯಾರ ಜೊತೆ ಆಡುತ್ತಾರೆ ಅನ್ನುವ ಜಾಲ. 1992ರಲ್ಲಿ ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ ಎಂಬ ವಿಜ್ಞಾನಿಗಳು ಕಂಪ್ಯೂಟರಿನಲ್ಲೇ ಆಟಗಾರರನ್ನು ಚೌಕದ ಮನೆಗಳಲ್ಲಿ ಕೂರಿಸಿದರು. ಅಕ್ಕಪಕ್ಕದವರ ಜೊತೆ ಮಾತ್ರ ಆಟ. ಸುತ್ತ ಯಾರಿಗೆ ಜಾಸ್ತಿ ಅಂಕ ಬಂತೋ ಅವರನ್ನೇ ನಕಲು ಮಾಡಬೇಕು. ನೆನಪಿಲ್ಲ, ಸೇಡಿಲ್ಲ. ಆದರೂ ಸಹಕರಿಸುವವರು ಗುಂಪುಗುಂಪಾಗಿ ಉಳಿದುಕೊಂಡರು. ಗುಂಪಿನ ನಡುವೆ ಇರುವವನಿಗೆ ಸುತ್ತಲೂ ತನ್ನಂಥವರೇ. ಮೋಸಗಾರ ಮುಟ್ಟುವುದು ಅಂಚನ್ನು ಮಾತ್ರ.

ಓದಲು ಚೆಂದ. ಆದರೆ ಸ್ಪೇನಿನಲ್ಲಿ ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳನ್ನು ಕೂರಿಸಿ ಆಡಿಸಿದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಅಲ್ಲಿ ನೆಟ್‌ವರ್ಕಿನ ಆಕಾರ ಬದಲಾದರೂ ಸಹಕಾರ ಹೆಚ್ಚೂಕಡಿಮೆ ಅಷ್ಟೇ ಇತ್ತು. ಮನುಷ್ಯರು ಪಕ್ಕದವನ ಅಂಕ ಎಣಿಸುವುದಿಲ್ಲ, ಹಿಂದಿನ ಸಲ ಅವನು ಹೇಗೆ ನಡೆದುಕೊಂಡ ಅಂತ ನೋಡುತ್ತಾರೆ.

ಈಗ ಮೇಲ್ಭಾಗದವರ ವಿಷಯ. ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ. ಈ ಆಟಗಳಲ್ಲೆಲ್ಲ ಕೊಡುವುದು, ಕೆಡಿಸುವುದು ಇಬ್ಬರ ಕೈಯಲ್ಲೂ ಇರುತ್ತದೆ. ಕಾಲುವೆಯಲ್ಲಿ ಹಾಗಲ್ಲ, ನೀರು ಒಂದೇ ಕಡೆ ಹರಿಯುತ್ತದೆ. ಮೇಲಿನವರು ಮಿತಿ ಮೀರಿ ಭತ್ತ ಹಚ್ಚಿದರೆ ನೀವು ತಿರುಗಿ ಏನು ತಡೆಯುತ್ತೀರಿ? ಟಿಟ್ ಫಾರ್ ಟ್ಯಾಟ್ ಇಲ್ಲಿ ಸುಮ್ನೆ ಕೈಚೆಲ್ಲುತ್ತದೆ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಮತ್ತು ಜೊತೆಗಾರರು ನೇಪಾಳದ ಕಾಲುವೆಗಳಲ್ಲಿ ಇದನ್ನೇ ನೋಡಿದರು. ಕಲ್ಲು, ಮರ, ಮಣ್ಣಿನ ಒಡ್ಡು ಮಳೆಗಾಲದಲ್ಲಿ ಕೊಚ್ಚಿ ಹೋಗುತ್ತಿತ್ತು. ಮತ್ತೆ ಕಟ್ಟಲು ಮೇಲಿನವರಿಗೆ ಕೆಳಗಿನವರ ದುಡಿಮೆ ಬೇಕು. ಹಾಗಾಗಿ ನೀರು ಕೊನೆವರೆಗೂ ಬಿಡಬೇಕು. ಪಕ್ಕಾ ಕಾಂಕ್ರೀಟ್ ಒಡ್ಡು ಇರುವ ಕಡೆ ಸಾಮಾನ್ಯವಾಗಿ ಹಂಚಿಕೆಯ ಅಂತರ ಜಾಸ್ತಿ ಇತ್ತು. ಒಡ್ಡು ಗಟ್ಟಿಯಾಯಿತು, ಕೆಳಗಿನವರ ಹಂಗು ಹರಿಯಿತು.

ನಿಮ್ಮ ತೂಬಿನಲ್ಲಿ ಆ ಹಂಗು ಇದೆ. ಹೂಳು ತೆಗೆಯಲು, ರಾತ್ರಿ ಕಾಲುವೆ ಕಾಯಲು, ಕಚೇರಿ ಮುಂದೆ ಧರಣಿ ಕೂರಲು ಮೊದಲ ಹೊಲದವನಿಗೂ ಕೊನೆ ಹೊಲದವನು ಬೇಕು. ನೆರೆಯ ಆಂಧ್ರದ ಕಾಲುವೆ ಹಳ್ಳಿಗಳಲ್ಲಿ ಸಂಶೋಧಕ ರಾಬರ್ಟ್ ವೇಡ್ ಕಂಡದ್ದೂ ಇಂಥದ್ದೇ: ಊರೇ ಸೇರಿ ನೀರುಗಂಟಿಗಳನ್ನು ನೇಮಿಸಿಕೊಂಡವರು ಹೆಚ್ಚಾಗಿ ನೀರಿನ ತಾಪತ್ರಯ ಇದ್ದ ಕೊನೆ ಭಾಗದವರು.

ಪ್ರಾಜೆಕ್ಟ್ ಖಂಡಿತ ಮಾಡಿ. ಮೊದಲು ನೊವಾಕ್-ಮೇ ಚೌಕವನ್ನು ಪೈಥಾನ್‌ನಲ್ಲಿ ಬರೆಯಿರಿ, ಅದೇನೂ ಕಷ್ಟವಿಲ್ಲ. ಆಮೇಲೆ ಚೌಕ ಬಿಟ್ಟು ಆಟಗಾರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ನೀರು ಒಂದೇ ಕಡೆ ಹರಿಯಲಿ. ಇಷ್ಟು ಜನ ಹೂಳೆತ್ತಲು ಬರದಿದ್ದರೆ ಯಾರಿಗೂ ನೀರಿಲ್ಲ ಅಂತ ಒಂದು ನಿಯಮ ಸೇರಿಸಿ. ಆ ಸಂಖ್ಯೆಯನ್ನು ಏರಿಸುತ್ತಾ ಹೋಗಿ, ಕೊನೆ ಹೊಲಕ್ಕೆ ನೀರು ಯಾವಾಗ ಮುಟ್ಟುತ್ತದೆ ನೋಡಿ. ಹಾಂ, ವರದಿಯಲ್ಲಿ ಮೇಲಿನವರ ತೂಬಿನ ನಂಬರ್ ಹಾಕಲು ಹೋಗಬೇಡಿ.